ಕಾಫ್ಕಾನ ಸರ್ವೇಯರ್ ಒಂದು ಗುಂಟೆನೂ ಅಳೀಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಪ್ರಾಗ್ ಊರಿನ ಜರ್ಮನ್ ಭಾಷೆಯ ಲೇಖಕ ಫ್ರಾಂಜ್ ಕಾಫ್ಕಾ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು, ಎರಡು ಸಲ ಓದಿದೆ. ಚೆನ್ನಾಗಿತ್ತು, ಇಂಥದ್ದು ಪೇಪರ್‌ನಲ್ಲಿ ಬರೋದೇ ಕಮ್ಮಿ ಆಗಿದೆ ಈಗ, ಅದಕ್ಕೆ ಥ್ಯಾಂಕ್ಸ್. ಆದ್ರೆ ಅದರಲ್ಲಿ ಒಂದು ತಪ್ಪು ನುಸುಳಿದೆ, ಹೇಳ್ದೆ ಸುಮ್ನಿರೋಕೆ ಆಗ್ತಿಲ್ಲ. 'ದಿ ಕ್ಯಾಸಲ್' ಕಾದಂಬರಿಯ ನಾಯಕ ಕೆ. ಒಬ್ಬ ಗುಮಾಸ್ತ ಅಂತ ಹಾಕಿದ್ದೀರಿ. ಗುಮಾಸ್ತ ಅಲ್ಲ ಸ್ವಾಮಿ, ಭೂಮಾಪಕ. ನಮ್ಮ ಜನ ಬಾಯಲ್ಲಿ ಹೇಳೋ ಹಾಗೆ ಸರ್ವೇಯರ್ರು. ಇದೇನು ಮಹಾ ತಪ್ಪು ಅಂತ ನಿಮಗೆ ಅನ್ನಿಸಬಹುದು, ನಾನು 31 ವರ್ಷ ಹೊಲ ಗದ್ದೆ ಅಳೆದು ರಿಟೈರ್ ಆದೋನು, ನನಗೆ ಅದೇ ಇಡೀ ಪುಸ್ತಕದ ಬೀಗದ ಕೈ ಅನ್ನಿಸುತ್ತೆ, ಅದಕ್ಕೆ ಈ ಪತ್ರ. ಉದ್ದ ಆದ್ರೆ ಎಲ್ಲಿ ಬೇಕಾದ್ರೂ ಕತ್ತರಿಸಿ, ಸರ್ವೇಯರ್ ಅನ್ನೋ ಪದ ಮಾತ್ರ ಕತ್ತರಿಸಬೇಡಿ.

ನಾನು ಸಾಹಿತ್ಯದೋನಲ್ಲ. ಈ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ತಮ್ಮನ ಮಗನಿಂದ, ಅವನು ಇಂಗ್ಲಿಷ್ ಎಂಎ ಓದ್ತಿದ್ದ, "ದೊಡ್ಡಪ್ಪ, ಇದರಲ್ಲಿ ನಿಮ್ಮ ಡಿಪಾರ್ಟ್‌ಮೆಂಟ್ ಕಥೆನೇ ಇದೆ, ಓದಿ ನೋಡಿ" ಅಂತ ಕೊಟ್ಟು ಹೋದ. ಆಗ ನಾನು ಮನೆಯಿಂದ ದೂರದ ಒಂದು ತಾಲ್ಲೂಕಲ್ಲಿ ಡ್ಯೂಟಿ ಮೇಲೆ ಇದ್ದೆ, ಬಾಡಿಗೆ ರೂಮು, ಸಂಜೆ ಆರಕ್ಕೆ ಕರೆಂಟ್ ಹೋದ್ರೆ ಒಂಬತ್ತಕ್ಕೆ ಬರೋದು. ಡಿಕ್ಷನರಿ ಪಕ್ಕದಲ್ಲಿ ಇಟ್ಕೊಂಡು ಮಳೆಗಾಲ ಪೂರ್ತಿ ಓದಿದೆ. ಅಲ್ಲಿಂದ ಇಲ್ಲಿವರೆಗೆ ಮೂರು ಸಲ ಓದಿದ್ದೀನಿ, ಪ್ರತಿ ಸಲನೂ ನಗು ಬರುತ್ತೆ. ನಗು ಬರೋದು ತಪ್ಪೇನಲ್ಲ, ಕಾಫ್ಕಾ ತಾನೇ ತನ್ನ ಇನ್ನೊಂದು ಕಾದಂಬರಿ 'ದಿ ಟ್ರಯಲ್'ನ ಮೊದಲನೇ ಅಧ್ಯಾಯ ಸ್ನೇಹಿತರಿಗೆ ಓದಿ ಹೇಳುವಾಗ ನಕ್ಕು ನಕ್ಕು ಮುಂದೆ ಓದೋಕೆ ಆಗದೆ ನಿಲ್ಲಿಸ್ತಿದ್ದನಂತೆ, ಹಾಗಂತ ಅವನ ಗೆಳೆಯ ಮ್ಯಾಕ್ಸ್ ಬ್ರಾಡ್ ಬರೆದಿಟ್ಟಿದ್ದಾನೆ. ನಿಮ್ಮ ಲೇಖನದಲ್ಲಿ ಮಾತ್ರ ನಗುವಿನ ಸುಳಿವೇ ಇರ್ಲಿಲ್ಲ, ಬರೀ ಕತ್ತಲೆ, ಯಾತನೆ, ಅನಾಥಪ್ರಜ್ಞೆ. ನಮ್ಮ ನವ್ಯದವರ ಕಾಲದಿಂದ ಈ ಅನಾಥಪ್ರಜ್ಞೆ ಅನ್ನೋ ಪದ ಓಡಾಡಿ ಓಡಾಡಿ ಸವೆದು ಹೋಗಿದೆ, ಯಾರಿಗೆ ಬೇಕಾದ್ರೂ ತೊಡಿಸಬಹುದಾದ ಸ್ವೆಟರ್ ಥರ ಆಗಿದೆ.

ಕಥೆ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ತೀನಿ. ರಾತ್ರಿ ಹೊತ್ತು, ಮಂಡಿವರೆಗೆ ಹಿಮ, ಕೆ. ಒಂದು ಹಳ್ಳಿಗೆ ಬರ್ತಾನೆ. ಮೇಲೆ ಗುಡ್ಡದಲ್ಲಿ ಕೋಟೆ ಇದೆ, ಕಾಣಿಸ್ತಿಲ್ಲ. ಛತ್ರದಂಥ ಒಂದು ಜಾಗದಲ್ಲಿ ಹುಲ್ಲಿನ ಚೀಲದ ಮೇಲೆ ಮಲಗಿದ್ದೋನನ್ನ ಒಬ್ಬ ಹುಡುಗ ಎಬ್ಬಿಸಿ ಪರ್ಮಿಟ್ ಎಲ್ಲಿ ಅಂತಾನೆ. ಇವನು, ನಾನು ಕೋಟೆಯವರು ಕರೆಸಿರೋ ಸರ್ವೇಯರ್, ನನ್ನ ಸಹಾಯಕರು ಸಾಮಾನು ತಗೊಂಡು ಬೆಳಗ್ಗೆ ಗಾಡಿಯಲ್ಲಿ ಬರ್ತಾರೆ ಅಂತಾನೆ. ಆ ಹುಡುಗ ಕೋಟೆಗೆ ಫೋನ್ ಮಾಡ್ತಾನೆ, ಅಂಥ ಸರ್ವೇಯರ್ ಯಾರೂ ಇಲ್ಲ ಅಂತ ಉತ್ತರ ಬರುತ್ತೆ. ಎಲ್ಲರೂ ಅವನನ್ನ ಹಿಡ್ಕೊಳ್ಳೋಕೆ ಹೋಗ್ತಿರುವಾಗ ಮತ್ತೆ ಫೋನ್ ರಿಂಗ್ ಆಗುತ್ತೆ, ಇಲ್ಲ ಇಲ್ಲ, ಇದ್ದಾನೆ, ಸರಿ ಇದೆ ಅಂತ. ಇದನ್ನ ಕೇಳಿ ಕೆ.ಗೆ ಖುಷಿ ಆಗ್ಬೇಕು ತಾನೆ? ಆಗಲ್ಲ. ಓಹೋ, ಕೋಟೆಯವರು ನನ್ನನ್ನ ಸರ್ವೇಯರ್ ಅಂತ ಒಪ್ಕೊಂಡು ಬಿಟ್ರಾ, ಅಂದ್ರೆ ನನ್ನ ಬಗ್ಗೆ ಎಲ್ಲಾ ತಿಳ್ಕೊಂಡೇ ನಗ್ತಾ ನಗ್ತಾ ಜಗಳಕ್ಕೆ ಒಪ್ಪಿದ್ದಾರೆ ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಾನೆ. ಮೊದಲನೇ ಸಲ ಓದಿದಾಗ ಇಲ್ಲೇ ನನಗೆ ಡೌಟ್ ಶುರು ಆಯ್ತು. ನಿಜವಾದ ಆರ್ಡರ್ ಕೈಯಲ್ಲಿ ಇರೋನು ಹೀಗೆ ಯೋಚನೆ ಮಾಡಲ್ಲ ಸಾರ್, ಆರ್ಡರ್ ಕಾಪಿ ತೆಗೆದು ಮುಖಕ್ಕೆ ಹಿಡೀತಾನೆ.

ಆಮೇಲೆ ನೋಡಿ. ಒಬ್ಬ ಸರ್ವೇಯರ್ ಹೊಸ ಊರಿಗೆ ಹೋದ್ರೆ ಮೊದಲು ಏನು ಕೇಳ್ತಾನೆ? ಗ್ರಾಮ ನಕ್ಷೆ ಕೇಳ್ತಾನೆ. ಟಿಪ್ಪಣಿ (ಹಳೇ ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ತೆಗೆಸ್ತಾನೆ. ಹದ್ದುಬಸ್ತು, ಅಂದ್ರೆ ಗಡಿ ಗುರುತಿಸೋ ಅರ್ಜಿ ಆದ್ರೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿದ್ಯಾ ಅಂತ ಕೇಳ್ತಾನೆ. ಹಳೇ ಬಾಂದು ಕಲ್ಲು ಯಾವುದಾದ್ರೂ ಉಳಿದಿದ್ಯಾ ಅಂತ ಊರಿನ ಹಿರಿಯರನ್ನ ಹಿಡ್ಕೊಂಡು ಬದುವಿನ ಮೇಲೆ ನಡೀತಾನೆ. ನಾವು ಸೇರಿದ ಕಾಲಕ್ಕೆ 33 ಅಡಿ ಚೈನು, ಅದರಲ್ಲಿ ಆಣೆ ಅನ್ನೋ 16 ಭಾಗ, 33ಕ್ಕೆ 33 ಅಡಿ ಆದ್ರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ, ಇದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಬಾಯಿಗೆ ಬರ್ತಿತ್ತು. ಕೆ. ಇಡೀ ಪುಸ್ತಕದಲ್ಲಿ ಒಂದು ನಕ್ಷೆ ಕೇಳಲ್ಲ. ಒಂದು ಕಲ್ಲು ನೋಡಲ್ಲ. ಇದು ಯಾರ ಜಮೀನು ಅಂತ ಬಾಯಿ ತಪ್ಪಿಯೂ ಕೇಳಲ್ಲ. ಅವನು ಹೇಳಿದ್ದ ಸಾಮಾನಿನ ಗಾಡಿ ಕೊನೆವರೆಗೂ ಬರಲೇ ಇಲ್ಲ. ಬದಲಿಗೆ ಆರ್ಟುರ್, ಜೆರೆಮಿಯಾಸ್ ಅಂತ ಇಬ್ರು ಹುಡುಗರು ಕೋಟೆ ಕಡೆಯಿಂದ ಬರ್ತಾರೆ, ನಾವೇ ನಿಮ್ಮ ಹಳೇ ಸಹಾಯಕರು ಅಂತಾರೆ. ಸಾಮಾನು ಎಲ್ಲಿ? ಇಲ್ಲ. ಸರ್ವೇ ಕೆಲಸ ಗೊತ್ತಾ? ಗೊತ್ತಿಲ್ಲ. ಸರಿ ಬನ್ನಿ ಒಳಗೆ ಅಂತ ಕರ್ಕೊಂಡು ಹೋಗ್ತಾನೆ! ಎಂಥಾ ಸೋಮಾರಿ ಸರ್ವೇಯರ್ರೇ ಆಗ್ಲಿ, ಸರಪಳಿ ಹಿಡಿಯೋಕೆ ಬರದೇ ಇರೋರನ್ನ ಬಾ ಅನ್ನಲ್ಲ.

ಇದಕ್ಕಿಂತ ಮಜಾ ಮುಂದಿದೆ. ಕ್ಲಾಮ್ ಅನ್ನೋ ದೊಡ್ಡ ಅಧಿಕಾರಿಯಿಂದ ಎರಡನೇ ಪತ್ರ ಬರುತ್ತೆ, ಇಲ್ಲಿವರೆಗೆ ನೀವು ಮಾಡಿರೋ ಅಳತೆ ಕೆಲಸ ನನಗೆ ತೃಪ್ತಿ ತಂದಿದೆ, ಸಹಾಯಕರ ಕೆಲಸನೂ ಮೆಚ್ಚುವಂಥದ್ದು, ಹೀಗೇ ಮುಂದುವರಿಸಿ ಅನ್ನೋ ಅರ್ಥದಲ್ಲಿ. ಒಂದು ಗುಂಟೆ ಅಳೆದಿಲ್ಲ ಅಲ್ಲಿ! ಇದನ್ನ ಓದಿದ ದಿನ ನಾನು ರೂಮಲ್ಲಿ ಒಬ್ಬನೇ ಜೋರಾಗಿ ನಕ್ಕಿದ್ದಕ್ಕೆ ಪಕ್ಕದ ರೂಮಿನ ಮೇಷ್ಟ್ರು ಬಂದು ಏನಾಯ್ತು ಅಂತ ಕೇಳಿದ್ರು. ತಿಂಗಳ ಪ್ರಗತಿ ವರದಿ ಅಂತ ಒಂದು ಕಳಿಸ್ತಿದ್ವಿ ನಾವು, ಮಳೆಗೆ ಹೊಲಕ್ಕೆ ಕಾಲಿಡೋಕೆ ಆಗದ ತಿಂಗಳಲ್ಲೂ ಅದರ ಕಾಲಮ್ಮು ಖಾಲಿ ಬಿಡಂಗಿರ್ಲಿಲ್ಲ, ಅಷ್ಟು ಹೇಳಿದ್ರೆ ಸಾಕು ಅನ್ಸುತ್ತೆ.

ನಿಮ್ಮ ಲೇಖಕರು ಆಫೀಸು ಅನ್ನೋದು ಮನುಷ್ಯರನ್ನ ನುಂಗೋ ರಾಕ್ಷಸ, ಕಾಫ್ಕಾ ಅದರ ಬಲಿಪಶು ಅನ್ನೋ ಥರ ಬರೆದಿದ್ದಾರೆ. ಇಲ್ಲೇ ನನ್ನ ತಕರಾರು ಇರೋದು. ಕಾಫ್ಕಾ ಕೌಂಟರಿನ ಆಚೆ ಕ್ಯೂನಲ್ಲಿ ನಿಂತೋನಲ್ಲ, ಈಚೆ ಕುರ್ಚಿಯಲ್ಲಿ ಕೂತೋನು. 1906ರಲ್ಲಿ ಕಾನೂನು ಡಾಕ್ಟರೇಟ್ ತಗೊಂಡ, ಆಮೇಲೆ ಒಂದು ವರ್ಷಕ್ಕೂ ಕಮ್ಮಿ ಖಾಸಗಿ ಇನ್ಶೂರೆನ್ಸ್ ಕಂಪನಿಯಲ್ಲಿದ್ದ, 1908ರಲ್ಲಿ ಪ್ರಾಗ್‌ನಲ್ಲಿದ್ದ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಗೆ ಸೇರಿ 1922ರವರೆಗೆ, ಅಂದ್ರೆ ಟಿಬಿ ಬಂದು ಪೆನ್ಷನ್ ಕೊಟ್ಟು ಕಳಿಸೋವರೆಗೆ ಅಲ್ಲೇ ಇದ್ದ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರ ತನಕ ಡ್ಯೂಟಿ, ರಾತ್ರಿ ಬರವಣಿಗೆ. ಕಾರ್ಖಾನೆಗಳನ್ನ ಅಪಾಯದ ಲೆಕ್ಕದಲ್ಲಿ ವರ್ಗ ಮಾಡೋದು, ಪ್ರೀಮಿಯಂ ಜಾಸ್ತಿ ಆಯ್ತು ಅಂತ ಮಾಲೀಕರು ಹಾಕಿದ ಅಪೀಲುಗಳಿಗೆ ಉತ್ತರ ಬರೆಯೋದು, ಉತ್ತರ ಬೊಹೀಮಿಯಾದ ಕಾರ್ಖಾನೆ ಊರುಗಳಿಗೆ ಟೂರ್ ಹೋಗೋದು, ಇದು ಅವನ ಕೆಲಸ. ಕೆಟ್ಟ ನೌಕರನೂ ಅಲ್ಲ, ಪ್ರಮೋಷನ್ ಮೇಲೆ ಪ್ರಮೋಷನ್ ಆಗಿದೆ, ಮೊದಲ ಮಹಾಯುದ್ಧದಲ್ಲಿ ಇವನಿಲ್ಲದೆ ಆಗಲ್ಲ ಅಂತ ಸಂಸ್ಥೆಯವರೇ ಬರೆದು ಸೈನ್ಯಕ್ಕೆ ಹೋಗದಂತೆ ಉಳಿಸ್ಕೊಂಡಿದ್ದಾರೆ. 1910ರಲ್ಲಿ ಪ್ರಮೋಷನ್ ಆಯ್ತು ಅಂತ ಪ್ರೆಸಿಡೆಂಟರಿಗೆ ಥ್ಯಾಂಕ್ಸ್ ಹೇಳೋಕೆ ಹೋಗಿ, ಅವರು ಗಂಭೀರವಾಗಿ ಭಾಷಣ ಶುರು ಮಾಡಿದ ತಕ್ಷಣ ತಡೆಯೋಕಾಗದೆ ನಕ್ಕುಬಿಟ್ಟ ಕಥೆನ ಅವನೇ ಗೆಳತಿ ಫೆಲಿಸ್‌ಗೆ ಪತ್ರದಲ್ಲಿ ಬರೆದಿದ್ದಾನೆ. ಇಂಥೋನನ್ನ ಬಲಿಪಶು ಅಂದ್ರೆ ಹೇಗೆ?

ಅವನು ಆಫೀಸಿಗೆ ಬರೆದ ಒಂದು ವರದಿ ಬಗ್ಗೆ ಓದಿ ನನಗೆ ಕಥೆಗಳಷ್ಟೇ ಇಷ್ಟ ಆಯ್ತು. 1909ರ ವಾರ್ಷಿಕ ವರದಿಗೆ ಬರೆದದ್ದು, ಮರ ಹೊಡೆಯೋ ಹತ್ತರಿ ಮಷೀನಿಂದ ಕೆಲಸಗಾರರ ಬೆರಳು ಹೋಗ್ತಿದ್ದದ್ದರ ಬಗ್ಗೆ. ಅಲಗು ಕೂರಿಸೋ ದಂಡ ಚೌಕ ಇದ್ರೆ ದಂಡಕ್ಕೂ ಮೇಜಿಗೂ ನಡುವೆ ದೊಡ್ಡ ಸಂದು ಬೀಳುತ್ತೆ, ಮರ ಜಾರಿದ್ರೆ ಕೈ ಅದರೊಳಗೆ ಹೋಗುತ್ತೆ, ಅದೇ ದಂಡ ದುಂಡಗಿದ್ರೆ ಸಂದು ಕಿರಿದಾಗುತ್ತೆ, ಬೆರಳು ಉಳಿಯುತ್ತೆ. ಇದನ್ನ ಚಿತ್ರ ಹಾಕಿ, ತುಂಡಾದ ಬೆರಳಿನ ಕೈಗಳನ್ನೂ ತೋರಿಸಿ, ದುಂಡು ದಂಡ ಹಾಕಿಸಿ ಅಂತ ಮಾಲೀಕರಿಗೆ ಮನವರಿಕೆ ಮಾಡ್ತಾನೆ. ಚೌಕಕ್ಕೂ ದುಂಡಕ್ಕೂ ನಡುವೆ ಇರೋ ಸಂದನ್ನ ಇಷ್ಟು ಹತ್ತಿರದಿಂದ ನೋಡಿದೋನು ಒಬ್ಬ ಸರ್ವೇಯರ್ ಕೈಗೆ ಸರಪಳಿ ಕೊಡೋದನ್ನ ಮರೆತ ಅಂತೀರಾ? ನಾನಂತೂ ಒಪ್ಪಲ್ಲ, ಬೇಕು ಅಂತಲೇ ಕೊಟ್ಟಿಲ್ಲ. ಇನ್ನೊಂದು ಮಾತು ಬ್ರಾಡ್ ನೆನಪು ಮಾಡ್ಕೊಂಡಿದ್ದಾನೆ. ಕೈ ಕಾಲು ಕಳ್ಕೊಂಡು ಬರೋ ಕೂಲಿಯವರನ್ನ ನೋಡಿ ಕಾಫ್ಕಾ, ಎಷ್ಟು ಸಂಕೋಚದ ಜನ ಇವರು, ನಮ್ಮ ಆಫೀಸಿಗೆ ನುಗ್ಗಿ ಎಲ್ಲಾ ಒಡೆದು ಪುಡಿ ಮಾಡೋದು ಬಿಟ್ಟು ಬಂದು ಬೇಡ್ಕೋತಾರಲ್ಲ ಅಂದನಂತೆ. "ನಮ್ಮ ಆಫೀಸು" ಅನ್ನೋ ಆ ಜಾಗದಲ್ಲಿ ನಿಂತು ಹೇಳಿದ ಮಾತು ಅದು. ಆ ಕುರ್ಚಿಯಲ್ಲಿ ಕೂತು ಎದುರಿಗಿರೋರ ಮುಖ ನೋಡದೇ ಇರೋನಿಗೆ ಇದು ಹೊಳೆಯಲ್ಲ.

ಹಳ್ಳಿಯ ಮುಖ್ಯಸ್ಥನ ಸೀನ್ ಇದೆಯಲ್ಲ, ಅದು ನಮ್ಮವರು ಬರೆದದ್ದು ಅಂದ್ರೂ ನಂಬ್ತೀನಿ. ಅವನು ಕಾಲುನೋವಿಂದ ಮಂಚದಲ್ಲಿ ಬಿದ್ದಿದ್ದಾನೆ. ಕೆ. ಹೋಗಿ ನನ್ನ ನೇಮಕ ಏನಾಯ್ತು ಅಂತ ಕೇಳಿದ್ರೆ ಶಾಂತವಾಗಿ ಹೇಳ್ತಾನೆ, ನಮಗೆ ಸರ್ವೇಯರ್ ಬೇಕಾಗೇ ಇಲ್ಲ, ಎಲ್ಲಾ ಗಡಿ ಗುರುತು ಮಾಡಿ ಆಗಿದೆ, ಆಸ್ತಿ ಕೈ ಬದಲಾಗೋದೇ ಅಪರೂಪ, ಸಣ್ಣ ಪುಟ್ಟ ಬದುವಿನ ಜಗಳ ನಾವೇ ಬಗೆಹರಿಸ್ಕೋತೀವಿ. (ಇಂಥ ಊರು ಇದ್ರೆ ದಯವಿಟ್ಟು ವಿಳಾಸ ಕೊಡಿ, ನಾನು ಹೋಗಿ ಇದ್ದುಬಿಡ್ತೀನಿ.) ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ? ಎಷ್ಟೋ ಕಾಲದ ಹಿಂದೆ ಎ ಡಿಪಾರ್ಟ್‌ಮೆಂಟಿಂದ ಸರ್ವೇಯರ್ ಕಳಿಸ್ತೀವಿ ಅಂತ ಪತ್ರ ಬಂತು, ಬೇಡ ಅಂತ ಉತ್ತರ ಬರೆದ್ವಿ, ಆ ಉತ್ತರ ತಪ್ಪಿ ಬಿ ಡಿಪಾರ್ಟ್‌ಮೆಂಟಿಗೆ ಹೋಯ್ತು, ಅದರಲ್ಲೂ ಬರೀ ಕವರ್ ಹೋಗಿದೆ, ಒಳಗಿನ ಕಾಗದ ಇಲ್ಲೇ ಉಳೀತೋ ದಾರಿಯಲ್ಲಿ ಬಿತ್ತೋ ಗೊತ್ತಿಲ್ಲ. ಬಿ ಡಿಪಾರ್ಟ್‌ಮೆಂಟಲ್ಲಿ ಸೋರ್ಡಿನಿ ಅಂತ ಒಬ್ಬ ಮಹಾ ಶಿಸ್ತಿನ ಅಧಿಕಾರಿ, ಅವನು ಖಾಲಿ ಕವರನ್ನ ಬಿಡ್ತಾನಾ, ಪೂರ್ತಿ ಮಾಡಿ ಕಳಿಸಿ ಅಂತ ವಾಪಸ್ ಕಳಿಸ್ತಾನೆ. ಅಲ್ಲಿಂದ ಶುರು. ಈ ಮಾತು ನಡೀತಿರುವಾಗ ಮುಖ್ಯಸ್ಥನ ಹೆಂಡತಿ ಮಿಜ್ಜಿ ಬೀರು ಬಾಗಿಲು ತೆಗೀತಾಳೆ, ಸೌದೆ ಕಂತೆ ಥರ ಕಟ್ಟಿಟ್ಟಿದ್ದ ಕಡತಗಳು ಉರುಳಿ ಹೊರಗೆ ಬೀಳುತ್ವೆ, ಆ ಇಬ್ರು ಸಹಾಯಕರೂ ಸೇರಿ ಹುಡುಕಿದ್ದೇ ಹುಡುಕಿದ್ದು, ಸಿಗಲ್ಲ, ಕೊನೆಗೆ ಬೀರುನೇ ನೆಲಕ್ಕೆ ಮಲಗಿಸಿ, ಎಲ್ಲಾ ಒಳಗೆ ತುರುಕಿ, ಬಾಗಿಲು ಮುಚ್ಚೋಕೆ ಅದರ ಮೇಲೆ ಹತ್ತಿ ಕೂರ್ತಾರೆ.

ಖಾಲಿ ಕವರ್ ನಾನೂ ನೋಡಿದ್ದೀನಿ ಸಾರ್. ಯಾವ ಕಚೇರಿ ಅಂತ ಬೇಡ. ಒಂದು ಪೋಡಿ (ಜಮೀನು ಭಾಗ ಮಾಡಿ ಬೇರೆ ನಂಬರ್ ಕೊಡೋ) ಕಡತ ಮೇಲಿನ ಆಫೀಸಿಂದ ಬಂತು, ಕೆಂಪು ದಾರ ಬಿಚ್ಚಿದ್ರೆ ಒಳಗೆ ಒಂದೇ ಹಾಳೆ, "ಲಗತ್ತು: ಮೇಲಿನಂತೆ" ಅಂತ ಬರೆದು ಸೀಲು ಒತ್ತಿದ್ದು. ಮೇಲೂ ಇಲ್ಲ ಕೆಳಗೂ ಇಲ್ಲ. ನಮ್ಮ ಕೇಸ್ ವರ್ಕರ್ ಒಳ್ಳೆ ಮನುಷ್ಯ, ಸೋರ್ಡಿನಿಗಿಂತ ಒಂದು ಕೈ ಮೇಲು. ಅವರು ಆ ಖಾಲಿ ಕಡತಕ್ಕೆ ಟಪಾಲು ರಿಜಿಸ್ಟರಲ್ಲಿ ನಂಬರ್ ಕೊಟ್ರು, ಲಗತ್ತುಗಳು ಇರುವುದಿಲ್ಲ ಅಂತ ಪತ್ರ ಬರೆದ್ರು. ಉತ್ತರ ಬರ್ಲಿಲ್ಲ, ನೆನಪೋಲೆ ಒಂದು ಹೋಯ್ತು, ನೆನಪೋಲೆ ಎರಡು ಹೋಯ್ತು. ಆಮೇಲೆ ಮೇಲಿನ ಆಫೀಸಿಂದ ನಮಗೇ ನೆನಪೋಲೆ ಬಂತು, ಸದರಿ ಕಡತದ ಮೇಲೆ ಏನು ಕ್ರಮ ಕೈಗೊಂಡಿದ್ದೀರಿ ಅಂತ. ಎರಡು ವರ್ಷದಲ್ಲಿ ಖಾಲಿ ಕಡತ ಎಷ್ಟು ದಪ್ಪ ಆಯ್ತು ಅಂದ್ರೆ ದಾರ ಸಾಲದೆ ಇನ್ನೊಂದು ಕಟ್ಟಬೇಕಾಯ್ತು. ಅಣ್ಣ ತಮ್ಮ ಭಾಗ ಮಾಡ್ಕೊಂಡಿದ್ದ ಜಮೀನು ಮಾತ್ರ ಇದ್ದಲ್ಲೇ ಇತ್ತು, ಪ್ರತಿ ಮುಂಗಾರಿಗೆ ರಾಗಿ ಬೆಳೀತಿತ್ತು. ಇದರಲ್ಲಿ ಲಂಚ ಇರ್ಲಿಲ್ಲ, ಸೇಡು ಇರ್ಲಿಲ್ಲ, ಯಾರೂ ಕೆಲಸ ತಪ್ಪಿಸ್ಕೊಂಡಿಲ್ಲ. ಎಲ್ಲರೂ ಕೆಲಸ ಮಾಡಿದ್ದಕ್ಕೇ ಹಾಗಾಯ್ತು. ನಾನೂ ಅದರಲ್ಲಿ ಮೂರು ಷರಾ ಬರೆದಿದ್ದೀನಿ, ಮೂರೂ ನಿಯಮದ ಪ್ರಕಾರ ಸರಿಯಾಗೇ ಇದ್ವು. ತಪ್ಪು ಹುಡುಕೋ ಮೇಲ್ವಿಚಾರಣೆ ಇಲ್ವಾ ಅಂತ ಕೆ. ಕೇಳಿದಾಗ ಮುಖ್ಯಸ್ಥ ಅನ್ನೋ ಮಾತು ನೆನಪಾಗುತ್ತೆ, ಇಲ್ಲಿ ಇರೋದೆಲ್ಲಾ ಮೇಲ್ವಿಚಾರಣೆನೇ, ಆದ್ರೆ ತಪ್ಪು ಆಗೋದೇ ಇಲ್ವಲ್ಲ ಹುಡುಕೋಕೆ, ಆದ್ರೂ ಅದು ತಪ್ಪು ಅಂತ ಕೊನೇ ಮಾತು ಹೇಳೋರು ಯಾರು ಅಂತಾನೆ.

ಈಗ ಅಸಲು ವಿಷಯ. ಕೋಟೆ ಇವನಿಗೆ ಏನು ಮಾಡ್ತು? ಹೊಡೀಲಿಲ್ಲ, ಜೈಲಿಗೆ ಹಾಕ್ಲಿಲ್ಲ, ಊರು ಬಿಟ್ಟು ಹೋಗು ಅಂತನೂ ಗಟ್ಟಿಯಾಗಿ ಹೇಳ್ಲಿಲ್ಲ. ಶಾಲೆ ಜವಾನನ ಕೆಲಸ ಕೊಡ್ತೀವಿ ಅಂದ್ರು, ಅದಕ್ಕೂ ಹೋದ, ಕ್ಲಾಸ್‌ರೂಮಲ್ಲೇ ಪ್ರೇಯಸಿ ಫ್ರೀಡಾ ಜೊತೆ ಸಂಸಾರ ಹೂಡಿದ, ಬೆಳಗ್ಗೆ ಮಕ್ಕಳು ಬಂದಾಗ ಇವರಿನ್ನೂ ಹಾಸಿಗೆಯಲ್ಲೇ ಇದ್ರು. ಅವನಿಗೆ ಬೇಕಾಗಿರೋದು ಒಂದೇ, ನೀನು ಸರ್ವೇಯರ್ ಹೌದು ಅಂತ ಮೇಲಿನವರು ಬಾಯಿ ಬಿಟ್ಟು ಹೇಳಬೇಕು. ಅಳೆಯೋ ಆಸೆ ಇಲ್ಲ, ಅಳೆಯೋನು ಅನ್ನಿಸ್ಕೊಳ್ಳೋ ಆಸೆ. ಜರ್ಮನ್‌ನಲ್ಲಿ ಸರ್ವೇಯರ್‌ಗೆ ಇರೋ ಪದದಲ್ಲಿ ಇನ್ನೊಂದು ಅರ್ಥದ ನೆರಳಿದೆಯಂತೆ, 'ಫೆರ್‌ಮೆಸ್ಸೆನ್' ಅಂದ್ರೆ ಅಳೆಯೋದು, ಅಳತೆ ತಪ್ಪೋದು ಅಂತನೂ ಹೌದು, ಅಳತೆ ಮೀರಿದ ಧಿಮಾಕು ಅಂತನೂ ಹೌದು. ನಮ್ಮಲ್ಲಿ ಅಂಥ ಪದ ಇಲ್ಲ, ಇದ್ದಿದ್ರೆ ಇಲಾಖೆಯಲ್ಲಿ ದಿನಾ ಬೈಸ್ಕೋತಿದ್ವಿ.

ಕಾಫ್ಕಾ ಇದನ್ನ ಶುರು ಮಾಡಿದ್ದು 1922ರಲ್ಲಿ, ಬೆಟ್ಟದ ಮೇಲಿನ ಹಿಮದ ಊರು ಸ್ಪಿಂಡ್ಲರ್‌ಮ್ಯೂಲೆಗೆ ಆರೋಗ್ಯಕ್ಕೆ ಅಂತ ಹೋದ ದಿನಗಳಲ್ಲಿ. ಜನವರಿ 27ಕ್ಕೆ ಹೋಟೆಲ್‌ಗೆ ಹೋಗಿ ನೋಡ್ತಾನೆ, ತನ್ನ ಹೆಸರು ನೀಟಾಗಿ ಬರೆದು ಕಳಿಸಿದ್ರೂ, ಅವರೂ ಎರಡು ಸಲ ಸರಿಯಾಗಿ ಬರೆದಿದ್ರೂ, ಕೆಳಗಿನ ಬೋರ್ಡಲ್ಲಿ "ಜೋಸೆಫ್ ಕೆ." ಅಂತ ಹಾಕ್ಬಿಟ್ಟಿದ್ದಾರೆ. ಅದು ಅವನದೇ 'ಟ್ರಯಲ್' ಕಾದಂಬರಿ ನಾಯಕನ ಹೆಸರು, ಪುಸ್ತಕ ಇನ್ನೂ ಅಚ್ಚಾಗಿಲ್ಲ, 1925ರವರೆಗೆ ಆಗೋದೂ ಇಲ್ಲ! ನಾನು ಅವರಿಗೆ ತಿಳಿಸಿ ಹೇಳ್ಲಾ, ಇಲ್ಲ ಅವರಿಂದ ನಾನೇ ತಿಳ್ಕೊಳ್ಲಾ ಅಂತ ಡೈರಿಯಲ್ಲಿ ಬರ್ಕೊಂಡಿದ್ದಾನೆ. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬಿದ್ದಿರೋ ರೈತನಿಗೆ ಈ ವಾಕ್ಯ ವಿವರಿಸಿ ಹೇಳ್ಬೇಕಾಗಿಲ್ಲ. ಇನ್ನೊಂದು, ಈ ಕಾದಂಬರಿ ಮೊದಲು "ನಾನು" ಅಂತ ಬರೀತಾ ಹೋಗಿ, ಆಮೇಲೆ ಹಸ್ತಪ್ರತಿಯಲ್ಲಿ "ನಾನು"ಗಳನ್ನೆಲ್ಲ ಹೊಡೆದು "ಕೆ." ಮಾಡಿದ್ದಾನೆ. ತಿದ್ದುಪಡಿ ಅಂದ್ರೆ ಇದು.

ಅದೇ ಪರಕೀಯತೆ ಅಂತ ನನ್ನ ತಿಳುವಳಿಕೆ. ಆಫೀಸು ನನ್ನನ್ನ ಹೊರಗೆ ನಿಲ್ಲಿಸ್ತು ಅನ್ನೋದಲ್ಲ, ನಾನು ಯಾರು ಅಂತ ಹೇಳೋ ಅಧಿಕಾರನ ನಾನೇ ಎತ್ತಿ ಅವರ ಟೇಬಲ್ ಮೇಲೆ ಇಟ್ಟು, ಸೀಲ್ ಒತ್ತಿ ಕೊಡಿ ಅಂತ ಕಾಯ್ಕೊಂಡು ಕೂರೋದು. 1942ರಲ್ಲಿ ಅಚ್ಚಾದ ಫ್ರೆಂಚ್ ಲೇಖಕ ಕಮೂನ 'ಔಟ್‌ಸೈಡರ್' ನಾಯಕ ಇದಕ್ಕೆ ಉಲ್ಟಾ, ಅವನು ಕೋರ್ಟಿಗೆ ಬೇಕಾದ ಮುಖ ಮಾಡಿ ತೋರಿಸಲ್ಲ, ಅಮ್ಮನ ಮಣ್ಣಿಗೆ ಹೋಗಿ ಅಳ್ಲಿಲ್ಲ ಅನ್ನೋದೇ ಕೊಲೆಗಿಂತ ದೊಡ್ಡದಾಗಿ ತಲೆ ಹೋಗುತ್ತೆ. ನಮ್ಮಲ್ಲಿ ಚಿತ್ತಾಲರ 'ಶಿಕಾರಿ' 1979ರದ್ದು, ಮುಂಬೈ ಕಂಪನಿಯಲ್ಲಿ ಏನು ಆರೋಪ ಅಂತನೇ ಸರಿಯಾಗಿ ಗೊತ್ತಾಗದೆ ಒದ್ದಾಡೋ ನಾಗಪ್ಪ, ಅವನು ಜೋಸೆಫ್ ಕೆ.ಗೆ ದಾಯಾದಿ ಆಗ್ಬೇಕು. ನಿಮ್ಮ ಲೇಖನದಲ್ಲಿ ಕೊನೆಗೆ ತೇಜಸ್ವಿಯವರ ತಬರನನ್ನೂ ಕಾಫ್ಕಾ ಲೆಕ್ಕಕ್ಕೆ ಸೇರಿಸಿದ್ದೀರಿ, ಅದು ನನಗೆ ಒಪ್ಪಿಗೆ ಇಲ್ಲ. ತಬರ ಪೆನ್ಷನ್‌ಗೆ ಅಲೆದದ್ದು ಹೆಂಡತಿ ಕಾಲು ಕೊಳೀತಿತ್ತು ಅಂತ. ಅವನು ದುಡಿದ ದುಡ್ಡು ಅದು, ಕೇಳೋ ಹಕ್ಕಿತ್ತು, ಕೊಡದೇ ಇದ್ದದ್ದು ಅನ್ಯಾಯ. ಕಾಸರವಳ್ಳಿಯವರ ಸಿನಿಮಾದಲ್ಲಿ ಚಾರುಹಾಸನ್ ಮುಖ ನೋಡಿದೋರಿಗೆ ಅದು ಅಸಂಗತ ಅಲ್ಲ, ಸಂಗತವಾದ ಸಿಟ್ಟು ಬರುತ್ತೆ. ಕೆ.ಗೆ ಅಂಥ ಹಕ್ಕಿನ ಕಾಗದ ಯಾವುದೂ ಇಲ್ಲ. ಎರಡನ್ನೂ ಒಂದೇ ಕಂತೆಗೆ ಕಟ್ಟಿದ್ರೆ ತಬರನಿಗೆ ಮೋಸ.

ಒಂದು ಸಲ ಹದ್ದುಬಸ್ತಿಗೆ ಹೋಗಿದ್ದೆ. ಅರ್ಜಿದಾರ ಅಜ್ಜ, ಎಪ್ಪತ್ತರ ಮೇಲೆ, ಎರಡು ಎಕರೆ ಚಿಲ್ಲರೆ ಖುಷ್ಕಿ. ಬೆಳಗ್ಗೆಯಿಂದ ಸರಪಳಿ ಎಳೆದ್ವಿ, ಮೂರು ಕಲ್ಲು ಸಿಕ್ತು, ನಾಲ್ಕನೇದು ಹುಣಸೆ ಮರದ ಬುಡಕ್ಕೆ ಹೂತು ಹೋಗಿತ್ತು, ಅಜ್ಜನೇ ಗುದ್ದಲಿ ತಂದು ಒಂದು ಅಡಿ ಅಗೆದು ತೋರಿಸಿದ. ಟಿಪ್ಪಣಿಗೆ ತಾಳೆ ಆಯ್ತು. ಅಕ್ಕಪಕ್ಕದೋರೂ ಜಗಳ ತೆಗೀಲಿಲ್ಲ. ಅಜ್ಜ, ನಿಮ್ಮದೆಲ್ಲಾ ಸರಿ ಇದೆ, ನಿಮ್ಮಪ್ಪ ಎಲ್ಲಿವರೆಗೆ ಉತ್ತಿದ್ರೋ ಅಲ್ಲಿವರೆಗೂ ನಿಮ್ಮದೇ ಅಂದೆ. "ಅದು ನಂಗೂ ಗೊತ್ತು ಸೋಮಿ, ಕಲ್ಲು ತೋರ್ಸಿದ್ದೇ ನಾನಲ್ವಾ, ಪೇಪರ್‌ನಾಗೆ ಯಾವಾಗ ಬತ್ತದೆ ಹೇಳಿ" ಅಂದ. ಆ ನಕ್ಷೆಗೆ ಸೀಲು ಬಿದ್ದು ಅವನ ಕೈ ಸೇರೋಕೆ ಏಳು ತಿಂಗಳಾಯ್ತು, ನಾನು ಸುಳ್ಳು ಹೇಳಲ್ಲ, ಅದರಲ್ಲಿ ಒಂದೂವರೆ ತಿಂಗಳು ನನ್ನ ಟೇಬಲ್ಲಲ್ಲೇ ಇತ್ತು. ಏಳು ತಿಂಗಳೂ ಅವನು ಹೊಲಕ್ಕೆ ಹೋಗೋ ದಿನ ಬಿಟ್ಟು ಆಫೀಸಿಗೆ ಬರೋನು. ಆಚೆ ಬೆಂಚಲ್ಲಿ ಕೂತು ಟವಲ್ ಮುಖಕ್ಕೆ ಹಾಕ್ಕೊಂಡು ನಿದ್ದೆ ಮಾಡೋನು. ಒಂದಿನ ಸಾಹೇಬ್ರು ಒಳ್ಳೆ ಮೂಡಲ್ಲಿದ್ರು, ಯಾರಾದ್ರೂ ಕಾಯ್ತಿದ್ರೆ ಕಳ್ಸಿ, ಇವತ್ತೇ ಸೈನ್ ಹಾಕ್ತೀನಿ ಅಂದ್ರು. ಜವಾನ ಹೊರಗೆ ಹೋಗಿ ಎರಡು ಸಲ ಹೆಸರು ಕೂಗಿ ವಾಪಸ್ ಬಂದ. ಅಜ್ಜನಿಗೆ ಎಚ್ಚರ ಆಗ್ಲಿಲ್ಲ.

'ಕ್ಯಾಸಲ್' ಕೊನೆ ಭಾಗದಲ್ಲಿ ಬ್ಯೂರ್ಗೆಲ್ ಅನ್ನೋ ಕಾರ್ಯದರ್ಶಿಯ ರೂಮಿಗೆ ಕೆ. ನಡುರಾತ್ರಿ ತಪ್ಪಿ ನುಗ್ಗಿದಾಗ ನಡೆಯೋದು ಇದೇ. ಮಂಚದಲ್ಲಿ ಮಲಗಿದ್ದ ಆ ಮನುಷ್ಯ ಸಿಟ್ಟಾಗಲ್ಲ, ಕೂರಿಸಿ ವಿವರವಾಗಿ ಹೇಳ್ತಾನೆ, ನೋಡಿ, ಹೀಗೆ ರಾತ್ರಿ ಹೊತ್ತು ಅರ್ಜಿದಾರ ಹೇಳ್ದೆ ಕೇಳ್ದೆ ಸಿಕ್ಕಿಬಿಟ್ರೆ ನಮ್ಮಂಥ ಅಧಿಕಾರಿಗೆ ಇಲ್ಲ ಅನ್ನೋ ಶಕ್ತಿನೇ ಇರಲ್ಲ, ಅವನು ಬಾಯಿ ತೆಗೆದು ಕೇಳಿದ್ರೆ ಸಾಕು, ಕೊಟ್ಟುಬಿಡ್ತೀವಿ ಅಂತ. ಇಡೀ ಕೋಟೆಯ ಬೀಗ ಅವನ ಮುಂದೆ ತೆರೆದಿದೆ. ಕೆ. ಅಷ್ಟೊತ್ತಿಗೆ ಮಂಚದ ಅಂಚಲ್ಲಿ ನಿದ್ದೆಗೆ ಜಾರಿದ್ದಾನೆ. ವಿಮರ್ಶಕರು ಇದಕ್ಕೆ ಏನೇನೋ ದೇವರು ಧರ್ಮದ ಅರ್ಥ ಹೇಳ್ತಾರೆ, ಹೇಳ್ಲಿ. ನನಗೆ ಟವಲ್ ಕಾಣಿಸುತ್ತೆ.

ಅದಾದ ಬೆಳಗ್ಗೆ ಕಾರಿಡಾರ್‌ನಲ್ಲಿ ಕಡತ ಹಂಚೋ ಸೀನು. ಆಳುಗಳು ತಳ್ಳುಗಾಡಿಯಲ್ಲಿ ಕಡತ ತುಂಬ್ಕೊಂಡು ಬಾಗಿಲು ಬಾಗಿಲಿಗೆ ಇಡ್ತಾ ಹೋಗ್ತಾರೆ, ಒಳಗಿಂದ ಕೈ ಬಂದು ಎಳ್ಕೊಳುತ್ತೆ, ಕೆಲವರು ನನಗೆ ಕಮ್ಮಿ ಬಂತು ಅಂತ ಮಕ್ಕಳ ಥರ ಗಲಾಟೆ ಮಾಡ್ತಾರೆ. ಎಲ್ಲಾ ಮುಗಿದ ಮೇಲೆ ಗಾಡಿಯಲ್ಲಿ ಒಂದೇ ಒಂದು ಚೀಟಿ ಉಳ್ಕೊಂಡಿದೆ. ಯಾರದು ಅಂತ ಗೊತ್ತಾಗ್ಲಿಲ್ಲ. ಆ ಆಳು ಸುತ್ತ ನೋಡ್ದ, ಇನ್ನೊಬ್ಬನಿಗೆ ಸುಮ್ನಿರು ಅಂತ ಸನ್ನೆ ಮಾಡ್ದ, ಚೂರು ಚೂರು ಹರಿದು ಜೇಬಿಗೆ ಹಾಕ್ಕೊಂಡ. ಅದು ನನ್ನ ಕಡತನೇ ಇರಬಹುದಾ ಅಂತ ಕೆ. ಅಂದ್ಕೋತಾನೆ, ಆದ್ರೆ ಬೈಯಲ್ಲ, ಆ ಆಳಿನ ಪಾಡೂ ಕಷ್ಟ ಅಂತ ಅವನಿಗೆ ಅರ್ಥ ಆಗುತ್ತೆ. ಟೇಬಲ್ಲಿನ ಈ ಕಡೆ ಕೂತು ದಿನ ಕಳೆದೋನು ಮಾತ್ರ ಹಾಗೆ ಬರೀಬಲ್ಲ. ನಾನು ಹರಿದಿದ್ದೀನಾ ಅಂತ ಕೇಳಬೇಡಿ.

ಪುಸ್ತಕ ಅರ್ಧ ವಾಕ್ಯಕ್ಕೆ ನಿಂತು ಹೋಗಿದೆ. ಕಾಫ್ಕಾ 1924ರಲ್ಲಿ ತೀರ್ಕೊಂಡ, 41 ತುಂಬೋಕೆ ಇನ್ನೂ ಒಂದು ತಿಂಗಳಿತ್ತು, ಎಲ್ಲಾ ಸುಟ್ಟುಬಿಡು ಅಂತ ಹೇಳಿಹೋಗಿದ್ರೂ ಬ್ರಾಡ್ ಸುಡದೆ 1926ರಲ್ಲಿ ಇದನ್ನ ಅಚ್ಚು ಹಾಕಿಸಿದ. ಮುಂದೆ ಏನಾಗ್ಬೇಕಿತ್ತು ಅಂತ ಕಾಫ್ಕಾ ತನಗೆ ಬಾಯಲ್ಲಿ ಹೇಳಿದ್ದನ್ನೂ ಬರೆದಿಟ್ಟಿದ್ದಾನೆ. ಕೆ. ಸೋತು ಸುಣ್ಣ ಆಗಿ ಸಾಯ್ತಾ ಮಲಗಿದ್ದಾನೆ, ಊರೋರೆಲ್ಲ ಸುತ್ತ ನೆರೆದಿದ್ದಾರೆ, ಆಗ ಕೋಟೆಯಿಂದ ಆದೇಶ ಬರುತ್ತೆ: ಈ ಊರಲ್ಲಿ ವಾಸ ಮಾಡೋಕೆ ನಿಮಗೆ ಕಾನೂನಿನ ಹಕ್ಕು ಏನೂ ಇಲ್ಲ, ಆದ್ರೂ ಕೆಲವು ಸಂದರ್ಭಗಳನ್ನ ಗಮನದಲ್ಲಿ ಇಟ್ಕೊಂಡು ಇಲ್ಲಿದ್ದು ಕೆಲಸ ಮಾಡೋಕೆ ಅನುಮತಿ ಕೊಡಲಾಗಿದೆ. ಎಂಥಾ ಡ್ರಾಫ್ಟಿಂಗ್ ನೋಡಿ! ಇಲ್ಲ ಅಂತನೂ ಆಯ್ತು, ಹೌದು ಅಂತನೂ ಆಯ್ತು, ಆಡಿಟ್‌ನಲ್ಲೂ ಸಿಕ್ಕಿ ಬೀಳಲ್ಲ. ಸರ್ವೇಯರ್ ಹೌದೋ ಅಲ್ವೋ ಅನ್ನೋ ಮಾತೇ ಇಲ್ಲ ಅದರಲ್ಲಿ.

ಅದಕ್ಕೇ ಹೇಳಿದ್ದು ಸಾರ್, ಗುಮಾಸ್ತ ಅಂತ ಹಾಕಿದ್ದನ್ನ ದಯವಿಟ್ಟು ತಿದ್ದಿ. ಹೋದ ಸೋಮವಾರ ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ, ಪುರವಣಿ ವಿಭಾಗದೋರು ಬೇರೆ ಅಂದ್ರು, ಅವರಿಗೆ ಮಾಡಿದ್ರೆ ಓದುಗರ ಪತ್ರದೋರಿಗೆ ಬರೆದು ಕಳಿಸಿ ಅಂದ್ರು, ಅದಕ್ಕೆ ಬರೆದು ಕಳಿಸ್ತಿದ್ದೀನಿ. ಒಳಗಿನ ಪುಟದಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಬಂದ್ರೂ ಸಾಕು. ಹಾಕೋಕೆ ಆಗಲ್ಲ ಅಂದ್ರೆ ಆಗಲ್ಲ ಅಂತನಾದ್ರೂ ತಿಳಿಸಿ, ನಾನು ಕಟ್ ಮಾಡಿ ಫೈಲಲ್ಲಿ ಇಟ್ಕೋತೀನಿ.

ಇಂತಿ ನಿಮ್ಮ ಓದುಗ,
ನಿವೃತ್ತ ಭೂಮಾಪಕ, ತುಮಕೂರು ಜಿಲ್ಲೆ